ಇಮೇಲನ್ನು ಲಗತ್ತಾಗಿ ಫಾರ್ವರ್ಡ್ ಮಾಡುವ ಪೈಥಾನ್ ಪ್ರೋಗ್ರಾಂ: ಕೆಲವರಿಗೆ ಲಗತ್ತು ಖಾಲಿಯಾಗಿ ಕಾಣುತ್ತಿದೆ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮ ಸಂಸ್ಥೆಯಲ್ಲಿ ಅನುಮಾನಾಸ್ಪದ ಇಮೇಲ್ ಬಂದರೆ ಸಿಬ್ಬಂದಿ ಅದನ್ನು ನಿಗದಿತ ಫೋಲ್ಡರಿಗೆ ಸರಿಸುತ್ತಾರೆ. ಆ ಫೋಲ್ಡರಿನಲ್ಲಿರುವ ಪ್ರತಿಯೊಂದು ಇಮೇಲನ್ನೂ ಹೆಡರ್‌ಗಳ (ಕಳುಹಿಸಿದವರು, ವಿಷಯ, ಬಂದ ದಾರಿ ಮುಂತಾದವನ್ನು ತಿಳಿಸುವ ಮೇಲ್ಭಾಗದ ಸಾಲುಗಳ) ಸಮೇತ ಇಡಿಯಾಗಿ, ಲಗತ್ತಿನ ರೂಪದಲ್ಲಿ, ಭದ್ರತಾ ತಂಡಕ್ಕೆ ಕಳುಹಿಸುವ ಪ್ರೋಗ್ರಾಂ ಬರೆಯುತ್ತಿದ್ದೇನೆ. ಸಾಮಾನ್ಯ ರೀತಿಯಲ್ಲಿ ಫಾರ್ವರ್ಡ್ ಮಾಡಿದರೆ ಮೂಲ ಪತ್ರದ ‘ರಿಸೀವ್ಡ್’ ಸಾಲುಗಳಾಗಲಿ ಡಿಕೆಐಎಂ ಸಹಿಯಾಗಲಿ (ಪತ್ರ ದಾರಿಯಲ್ಲಿ ಬದಲಾಗಿಲ್ಲವೆಂದು ತೋರಿಸಲು ಕಳುಹಿಸುವ ಡೊಮೇನ್ ಹಾಕುವ ಡಿಜಿಟಲ್ ಸಹಿ) ಉಳಿಯುವುದಿಲ್ಲ. ಅವಿಲ್ಲದೆ ಪತ್ರ ಯಾವ ದಾರಿಯಲ್ಲಿ ಬಂದಿತೆಂದು ಅವರು ಪತ್ತೆ ಹಚ್ಚಲಾರರು.

ಐಮ್ಯಾಪ್‌ಲಿಬ್‌ನ (ಸರ್ವರ್‌ನಿಂದ ಇಮೇಲ್ ಓದುವ ಪೈಥಾನ್ ಲೈಬ್ರರಿ) ಫೆಚ್‌ನಲ್ಲಿ ‘ಆರ್‌ಎಫ್‌ಸಿ822’ ಎಂದು ಕೇಳಿ ಮೂಲ ಪತ್ರದ ಬೈಟ್‌ಗಳನ್ನು ತರಿಸಿಕೊಂಡು, ಹೊಸ ಇಮೇಲ್‌ಮೆಸೇಜ್ ಆಬ್ಜೆಕ್ಟಿನ ಆ್ಯಡ್-ಅಟ್ಯಾಚ್‌ಮೆಂಟ್ ಮೆಥಡ್‌ಗೆ ಆ ಬೈಟ್‌ಗಳನ್ನು ಕೊಟ್ಟಿದ್ದೇನೆ. ಲಗತ್ತಿನ ಬಗೆಯನ್ನು ತಿಳಿಸುವ ಮೇನ್‌ಟೈಪ್ ‘ಮೆಸೇಜ್’, ಸಬ್‌ಟೈಪ್ ‘ಆರ್‌ಎಫ್‌ಸಿ822’, ಅಂದರೆ ಇಡೀ ಇಮೇಲ್. ಯಾವ ದೋಷಸಂದೇಶವೂ ಬರುವುದಿಲ್ಲ, ಪತ್ರ ತಲುಪುತ್ತದೆ. ಆದರೆ ಲಗತ್ತು ಕೆಲವರಲ್ಲಿ ಸರಿಯಾಗಿ ತೆರೆದುಕೊಂಡರೆ, ಕೆಲವರಲ್ಲಿ ಖಾಲಿಯಾಗಿಯೋ ಅರ್ಥವಿಲ್ಲದ ಅಕ್ಷರಗಳ ಉದ್ದನೆಯ ರಾಶಿಯಾಗಿಯೋ ಕಾಣುತ್ತದೆ. ಇದರ ಜೊತೆಗೆ, ಪ್ರೋಗ್ರಾಂ ಓಡಿದ ಮೇಲೆ ಫೋಲ್ಡರಿನ ಪತ್ರಗಳೆಲ್ಲ ‘ಓದಲಾಗಿದೆ’ ಎಂದು ಗುರುತಾಗುತ್ತಿವೆ. ತಿಳಿದವರು ದಯವಿಟ್ಟು ಮಾರ್ಗದರ್ಶನ ಮಾಡಬೇಕಾಗಿ ವಿನಂತಿ.

ಉತ್ತರ

ನಮಸ್ಕಾರ. ಎರಡನೆಯ ತೊಂದರೆಗೆ ಪರಿಹಾರ ಚಿಕ್ಕದು: ‘ಆರ್‌ಎಫ್‌ಸಿ822’ ಎಂದು ಕೇಳಿದಾಗ ಸರ್ವರ್ ಆ ಪತ್ರಕ್ಕೆ ‘ಸೀನ್’ (ಓದಲಾಗಿದೆ) ಗುರುತು ಹಾಕುತ್ತದೆ. ಅದರ ಬದಲು ‘ಬಾಡಿ ಡಾಟ್ ಪೀಕ್’ ಎಂದು ಬರೆದು ಮುಂದೆ ಖಾಲಿ ಚೌಕ ಆವರಣ ಹಾಕಿದರೆ ಅದೇ ಬೈಟ್‌ಗಳು ಸಿಗುತ್ತವೆ, ಗುರುತು ಬೀಳುವುದಿಲ್ಲ.

ಮೊದಲನೆಯ ತೊಂದರೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ಇಲ್ಲಿ ಪೈಥಾನ್ ಸುಮ್ಮನಿದ್ದುಬಿಡುವುದರಿಂದಲೇ ಬಹಳ ಜನರಿಗೆ ಕಾರಣ ಸಿಗುವುದಿಲ್ಲ. ಆ್ಯಡ್-ಅಟ್ಯಾಚ್‌ಮೆಂಟ್‌ಗೆ ಬೈಟ್‌ಗಳನ್ನು ಕೊಟ್ಟರೆ ಅದು ಅವನ್ನು ಚಿತ್ರದಂತೆಯೋ ಪಿಡಿಎಫ್‌ನಂತೆಯೋ ಒಂದು ಸಾಧಾರಣ ಕಡತವೆಂದು ತಿಳಿದು, ತಾನಾಗಿ ಬೇಸ್64ಕ್ಕೆ (ಬೈಟ್‌ಗಳನ್ನು ಸರಳ ಅಕ್ಷರಗಳಾಗಿ ಬರೆಯುವ ವಿಧಾನ) ಪರಿವರ್ತಿಸುತ್ತದೆ. ಆದರೆ 1996ರ ಆರ್‌ಎಫ್‌ಸಿ 2046ರ (ಇಮೇಲ್ ರಚನೆಯ ನಿಯಮಪತ್ರ) ಪ್ರಕಾರ ಮೆಸೇಜ್/ಆರ್‌ಎಫ್‌ಸಿ822 ಭಾಗಕ್ಕೆ ಬೈಟ್‌ಗಳನ್ನು ಹಾಗೆಯೇ ಬಿಡುವ ‘7ಬಿಟ್’, ‘8ಬಿಟ್’, ‘ಬೈನರಿ’ ಈ ಮೂರನ್ನು ಬಿಟ್ಟು ಬೇರೆ ಯಾವ ಎನ್‌ಕೋಡಿಂಗ್ ಕೂಡ ಸಲ್ಲದು. ಒಳಗಿನ ಪತ್ರದ ಪ್ರತಿ ಭಾಗಕ್ಕೂ ಅದರದೇ ಎನ್‌ಕೋಡಿಂಗ್ ಮೊದಲೇ ಇರುತ್ತದೆ. ಅದರ ಮೇಲೆ ಇನ್ನೊಂದನ್ನು ಹೊದಿಸಿದರೆ ಓದುವ ತಂತ್ರಾಂಶ ಪದರ ಪದರವಾಗಿ ಬಿಚ್ಚಬೇಕಾಗುತ್ತದೆ. ಉದಾರವಾಗಿ ಬರೆದ ತಂತ್ರಾಂಶಗಳು ಬಿಚ್ಚಿಕೊಳ್ಳುತ್ತವೆ, ನಿಯಮವನ್ನು ನಂಬಿ ಬರೆದವು ಬಿಚ್ಚುವುದಿಲ್ಲ. ನಿಮ್ಮಲ್ಲಿ ಕೆಲವರಿಗಷ್ಟೇ ಖಾಲಿ ಕಾಣುವುದು ಈ ಕಾರಣದಿಂದ.

ಪರಿಹಾರ ಹೀಗಿದೆ. ತಂದ ಬೈಟ್‌ಗಳನ್ನು ಮೊದಲು ಇಮೇಲ್ ಲೈಬ್ರರಿಯ ಮೆಸೇಜ್-ಫ್ರಮ್-ಬೈಟ್ಸ್ ಫಂಕ್ಷನ್‌ಗೆ, ಪಾಲಿಸಿಯನ್ನು (ಪತ್ರವನ್ನು ಹೇಗೆ ಓದಬೇಕು, ಬರೆಯಬೇಕು ಎಂಬ ನಿಯಮಗಳ ಗುಚ್ಛ) ‘ಡೀಫಾಲ್ಟ್’ ಎಂದು ಸ್ಪಷ್ಟವಾಗಿ ತಿಳಿಸಿ, ಕೊಡಿ. ಅದರಿಂದ ಸಿಗುವ ಮೆಸೇಜ್ ಆಬ್ಜೆಕ್ಟನ್ನೇ ಆ್ಯಡ್-ಅಟ್ಯಾಚ್‌ಮೆಂಟ್‌ಗೆ ಕೊಟ್ಟರೆ ಪೈಥಾನ್ ಸ್ವತಃ ಮೆಸೇಜ್/ಆರ್‌ಎಫ್‌ಸಿ822 ಎಂದು ಗುರುತಿಸಿ, ಎನ್‌ಕೋಡಿಂಗನ್ನು 8ಬಿಟ್ ಎಂದು ಇಡುತ್ತದೆ. ಆಗ ಮೇನ್‌ಟೈಪ್ ಆರ್ಗ್ಯುಮೆಂಟನ್ನು ತೆಗೆದುಹಾಕಲೇಬೇಕು. ಉಳಿಸಿಕೊಂಡರೆ ಟೈಪ್‌ಎರರ್ ಬರುತ್ತದೆ. ಕಡತದ ಹೆಸರನ್ನು ಮಾತ್ರ, ಕೊನೆಯಲ್ಲಿ ‘ಡಾಟ್ ಇಎಂಎಲ್’ ಇರುವಂತೆ, ಕೊಡಬಹುದು. ಪತ್ರದ ವಿಷಯದ ಸಾಲಿನಿಂದಲೇ ಹೆಸರು ಕಟ್ಟುವುದಾದರೆ ಅದರೊಳಗಿನ ಓರೆಗೆರೆಗಳನ್ನೂ ಸಾಲುಮುರಿತಗಳನ್ನೂ ಮೊದಲು ತೆಗೆಯಿರಿ. ಕನ್ನಡದ ಹೆಸರಿದ್ದರೆ ಚಿಂತೆಯಿಲ್ಲ, ಲೈಬ್ರರಿ ಅದನ್ನು ತಾನೇ ಎನ್‌ಕೋಡ್ ಮಾಡುತ್ತದೆ.

ಕಳುಹಿಸಲು ಎಸ್‌ಎಂಟಿಪಿಲಿಬ್‌ನ (ಇಮೇಲ್ ಕಳುಹಿಸುವ ಪೈಥಾನ್ ಲೈಬ್ರರಿ) ಸೆಂಡ್-ಮೆಸೇಜ್ ಬಳಸಿ. ಆ್ಯಸ್-ಸ್ಟ್ರಿಂಗ್‌ನಿಂದ ಪಠ್ಯ ಮಾಡಿಕೊಂಡು ಸೆಂಡ್‌ಮೇಲ್‌ಗೆ ಕೊಡುವ ಹಳೆಯ ಪದ್ಧತಿ ಇಲ್ಲಿ ಸಲ್ಲದು, ಏಕೆಂದರೆ ಆ್ಯಸ್-ಸ್ಟ್ರಿಂಗ್ ಒಳಗಿನ ಪತ್ರದ 8ಬಿಟ್ ಭಾಗಗಳನ್ನು ಮತ್ತೆ ಎನ್‌ಕೋಡ್ ಮಾಡುತ್ತದೆ, ಅದರೊಂದಿಗೆ ಡಿಕೆಐಎಂ ಸಹಿಯ ತಾಳೆಯೂ ತಪ್ಪುತ್ತದೆ.

ಮರುಪ್ರಶ್ನೆ

ತುಂಬಾ ಧನ್ಯವಾದಗಳು. ಈಗ ಎಲ್ಲರಲ್ಲಿಯೂ ಲಗತ್ತು ತೆರೆಯುತ್ತಿದೆ, ‘ಓದಲಾಗಿದೆ’ ಗುರುತೂ ಬೀಳುತ್ತಿಲ್ಲ. ಆದರೆ ಭದ್ರತಾ ತಂಡದವರು ಪರೀಕ್ಷಿಸಿದಾಗ ಕೆಲವು ಪತ್ರಗಳ ಡಿಕೆಐಎಂ ಸಹಿ ತಾಳೆಯಾಗುತ್ತಿಲ್ಲ. ನಮ್ಮ ಪೆಟ್ಟಿಗೆಯಲ್ಲಿರುವ ಮೂಲ ಪ್ರತಿಯಲ್ಲಿ ಅದೇ ಸಹಿ ತಾಳೆಯಾಗುತ್ತದೆ. ವಿಷಯದ ಸಾಲು ಉದ್ದವಾಗಿ ಕನ್ನಡದಲ್ಲಿರುವ ಪತ್ರಗಳಲ್ಲಿ ಇದು ಹೆಚ್ಚು.

ಉತ್ತರ

ನೀವು ಗಮನಿಸಿದ ಕೊನೆಯ ಅಂಶದಲ್ಲೇ ಕಾರಣ ಇರುವಂತಿದೆ. ಪೈಥಾನ್‌ನ ಡೀಫಾಲ್ಟ್ ಪಾಲಿಸಿ 78 ಅಕ್ಷರಗಳನ್ನು ಮೀರಿದ ಹೆಡರ್ ಸಾಲುಗಳನ್ನು ಪತ್ರ ಹೊರಹೋಗುವಾಗ ಹೊಸದಾಗಿ ಮಡಚುತ್ತದೆ, ಅಂದರೆ ಹಲವು ಸಾಲುಗಳಾಗಿ ಮುರಿಯುತ್ತದೆ. ಯೂನಿಕೋಡಿನ ಯುಟಿಎಫ್-8 ರೂಪದಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು. ಅದನ್ನು ಹೆಡರಿಗಾಗಿ ಎನ್‌ಕೋಡ್ ಮಾಡಿದಾಗ ಸಾಲು ಇನ್ನೂ ಬೆಳೆಯುತ್ತದೆ. ಮಡಚುವಾಗ ಖಾಲಿ ಜಾಗ ಮಾತ್ರ ಬದಲಾದರೆ ಕೆಲವು ಸಹಿಗಳು ಸಹಿಸಿಕೊಳ್ಳುತ್ತವೆ. ಎನ್‌ಕೋಡ್ ಆದ ಪದಗಳನ್ನೇ ಬಿಚ್ಚಿ ಬೇರೆ ಕಡೆ ತುಂಡರಿಸಿದರೆ ಯಾವ ಸಹಿಯೂ ಉಳಿಯದು.

ಡೀಫಾಲ್ಟ್ ಪಾಲಿಸಿಯ ಕ್ಲೋನ್ ಮೆಥಡ್‌ನಿಂದ ‘ರೀಫೋಲ್ಡ್-ಸೋರ್ಸ್’ ಅನ್ನು ‘ನನ್’ ಎಂದು ಬದಲಿಸಿ ಹೊಸ ಪಾಲಿಸಿ ಮಾಡಿಕೊಳ್ಳಿ. ಇದನ್ನು ಹೊರಗಿನ ಪತ್ರಕ್ಕೂ ಕೊಡುವುದು ಮುಖ್ಯ: ಬರೆಯುವ ಹೊತ್ತಿನಲ್ಲಿ ಒಳಗಿನ ಪತ್ರಕ್ಕೂ ಹೊರಗಿನದರ ಪಾಲಿಸಿಯೇ ಅನ್ವಯವಾಗುತ್ತದೆ. ಒಳಗಿನದಕ್ಕೆ ಮಾತ್ರ ಕೊಟ್ಟು ಫಲ ಕಾಣದೆ ಕೈಬಿಟ್ಟವರನ್ನು ಕಂಡಿದ್ದೇನೆ, ಹಾಗಾಗಿ ಒತ್ತಿ ಹೇಳುತ್ತಿದ್ದೇನೆ.

ಇಷ್ಟಾದರೂ ಒಂದು ಮಿತಿ ಉಳಿಯುತ್ತದೆ. ಮೋಸದ ಪತ್ರಗಳ ರಚನೆಯೇ ಹಲವು ಬಾರಿ ಕೆಟ್ಟಿರುತ್ತದೆ, ಅಂಥದ್ದನ್ನು ಪೈಥಾನ್ ಓದಿ ಮತ್ತೆ ಬರೆದಾಗ ಬೈಟ್‌ಗಳು ಅಲ್ಲಲ್ಲಿ ಬದಲಾಗಬಹುದು. ತನಿಖೆಗೆ ಒಂದು ಬೈಟ್ ಕೂಡ ಬದಲಾಗಬಾರದೆಂದಿದ್ದರೆ, ಮೂಲ ಬೈಟ್‌ಗಳನ್ನು ಅಪ್ಲಿಕೇಶನ್/ಆಕ್ಟೆಟ್-ಸ್ಟ್ರೀಮ್ (ಸಾಧಾರಣ ಕಡತ) ಎಂಬ ಟೈಪಿನಲ್ಲಿ, ಡಾಟ್ ಇಎಂಎಲ್ ಹೆಸರಿನಿಂದ, ಲಗತ್ತಿಸಿ. ಆ ಟೈಪಿಗೆ ಬೇಸ್64 ಸಲ್ಲುತ್ತದೆ. ಹಾಗೆ ಮಾಡುವ ಮುನ್ನ ಭದ್ರತಾ ತಂಡವನ್ನು ಕೇಳಿ: ಅವರಲ್ಲಿ ಪತ್ರಗಳನ್ನು ತಾನಾಗಿ ವಿಂಗಡಿಸುವ ವ್ಯವಸ್ಥೆಯಿದ್ದು ಅದು ಮೆಸೇಜ್/ಆರ್‌ಎಫ್‌ಸಿ822 ಭಾಗವನ್ನೇ ಹುಡುಕುತ್ತಿದ್ದರೆ, ಈ ಲಗತ್ತು ಅದರ ಕಣ್ಣಿಗೆ ಬೀಳುವುದಿಲ್ಲ. ಗಾತ್ರವನ್ನೂ ಗಮನಿಸಬೇಕು. ಬೇಸ್64 ಪ್ರತಿ ಸಲವೂ ಸುಮಾರು ಮೂರನೇ ಒಂದರಷ್ಟು ಹಿಗ್ಗಿಸುವುದರಿಂದ, ಮೂಲ ಪತ್ರದಲ್ಲಿ 9 ಎಂಬಿ ಚಿತ್ರವಿದ್ದರೆ ಅದು ಆಗಲೇ 12 ಎಂಬಿ ಆಗಿರುತ್ತದೆ, ಈ ವಿಧಾನದಲ್ಲಿ 16 ಎಂಬಿ ದಾಟುತ್ತದೆ. ಜಿಮೇಲ್‌ನಂತೆ 25 ಎಂಬಿ ಮಿತಿಯಿರುವ ಕಡೆ ದೊಡ್ಡ ಪತ್ರಗಳು ತಿರಸ್ಕೃತವಾಗುತ್ತವೆ, ಆದ್ದರಿಂದ ಕಳುಹಿಸುವ ಮೊದಲೇ ಆ್ಯಸ್-ಬೈಟ್ಸ್‌ನ ಉದ್ದ ಅಳೆದು, ಮೀರಿದವನ್ನು ಪ್ರತ್ಯೇಕ ಫೋಲ್ಡರಿಗೆ ಸರಿಸುವ ಏರ್ಪಾಡು ಮಾಡಿಕೊಳ್ಳಿ.