ಸೆಕೆಂಡ್ ಹ್ಯಾಂಡ್ ಎಸ್ಟೇಟ್ ಕಾರು ತಗೊಳ್ಳುವಾಗ ಏನು ನೋಡಬೇಕು?

ಪ್ರಶ್ನೆ: ನಮಸ್ಕಾರ ಸರ್. ಹಳೆಯದೊಂದು ಎಸ್ಟೇಟ್ ಕಾರು, ಅದೇ ಛಾವಣಿ ಡಿಕ್ಕಿಯ ಮೇಲೂ ಚಾಚಿರುವ ಸ್ಟೇಷನ್ ವ್ಯಾಗನ್, ನೋಡಿಟ್ಟಿದ್ದೇವೆ. ಡೀಸೆಲ್, 1,20,000 ಕಿಲೋಮೀಟರ್ ಓಡಿದೆ. ಬಾನೆಟ್ ಎತ್ತಿದರೆ ಎಂಜಿನ್ ಫಳಫಳ ಅನ್ನುತ್ತದೆ. ಬೇರೆ ಕಾರಿಗಿಂತ ಇದರಲ್ಲಿ ವಿಶೇಷವಾಗಿ ಏನಾದರೂ ನೋಡಬೇಕಾ?

ಮೆಕ್ಯಾನಿಕ್ ಉತ್ತರ: ಫಳಫಳ ಎಂಜಿನ್ ಕಂಡರೆ ನನಗೆ ಅನುಮಾನವೇ ಜಾಸ್ತಿ. ಮಾರುವ ಮುಂಚೆ ತೊಳೆದುಬಿಟ್ಟರೆ ಆಯಿಲ್ ಸೋರಿದ ಗುರುತು ಉಳಿಯಲ್ಲ, ಅಲ್ವಾ? ಅದಿರಲಿ. ಇಂಥ ಕಾರನ್ನು ಜನ ಕೊಳ್ಳುವುದೇ ಸಾಮಾನು ತುಂಬಲು. ಹಾಗಾಗಿ ಹಿಂಭಾಗದಿಂದ ಶುರು ಮಾಡಿ.

ಡಿಕ್ಕಿಯ ಕಾರ್ಪೆಟ್ ಎತ್ತಿ, ಸ್ಟೆಪ್ನಿ ಹೊರಗಿಡಿ. ಕೆಳಗಿನ ಗುಂಡಿಯಲ್ಲಿ ನೀರು, ತುಕ್ಕು ಇದೆಯಾ? ಬಾಗಿಲಿನ ರಬ್ಬರ್, ಹಿಂದಿನ ದೀಪದ ಸೀಲ್, ಛಾವಣಿ ಮೇಲಿನ ಕಂಬಿ (ರೂಫ್ ರೈಲ್) ಕೂರಿಸಿದ ಜಾಗ, ಹಿಂದಿನ ವಾಷರ್ ಪೈಪ್, ಎಲ್ಲಿಂದ ಬೇಕಾದರೂ ನೀರು ಇಳಿದಿರಬಹುದು. ಕೆಲವು ಮಾಡೆಲ್‌ಗಳಲ್ಲಿ ಬ್ಯಾಟರಿ, ಕಂಟ್ರೋಲ್ ಯೂನಿಟ್ (ಎಲೆಕ್ಟ್ರಾನಿಕ್ ನಿಯಂತ್ರಣ ಪೆಟ್ಟಿಗೆ) ಅಲ್ಲೇ ಇರುತ್ತವೆ. ಅವು ನೆಂದರೆ ಖರ್ಚು ದೊಡ್ಡದು. ಗುಂಡಿಯ ತಗಡು ಸುಕ್ಕಾಗಿದ್ದರೆ, ವೆಲ್ಡಿಂಗ್ ಒರಟಾಗಿದ್ದರೆ, ಹಿಂದಿನಿಂದ ಯಾರೋ ಗುದ್ದಿದ್ದಾರೆ ಅಂತಲೇ ತಿಳಿಯಿರಿ.

ಹಿಂದಿನ ಬಾಗಿಲು ಎತ್ತಿ ಕೈ ಬಿಡಿ, ತಲೆ ಮಾತ್ರ ಆಚೆ ಇರಲಿ! ತಾನಾಗಿ ಇಳಿದರೆ ಬಾಗಿಲನ್ನು ಎತ್ತಿ ಹಿಡಿಯುವ ಗ್ಯಾಸ್ ಸ್ಟ್ರಟ್ ಹೋಗಿದೆ. ಅದು ಸಣ್ಣ ರಿಪೇರಿ. ಹಿಂಜ್ ಹತ್ತಿರದ ವೈರುಗಳು ಮಾತ್ರ ತಲೆನೋವು. ಬಾಗಿಲು ತೆಗೆದು ಹಾಕಿ ಮಾಡಿ ಒಳಗೇ ತುಂಡಾಗಿರುತ್ತವೆ ಕೆಲವೊಮ್ಮೆ. ವೈಪರ್, ಗಾಜಿನ ಹೀಟರ್, ನಂಬರ್ ಪ್ಲೇಟ್ ದೀಪ, ಲಾಕ್ ಎಲ್ಲ ಪರೀಕ್ಷಿಸಿ.

ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗಲೇ ಹೋಗಿ. ಕೆಲವು ಎಸ್ಟೇಟ್‌ಗಳಿಗೆ ಹಿಂದೆ ಏರ್ ಸಸ್ಪೆನ್ಷನ್, ಅಂದರೆ ಸ್ಪ್ರಿಂಗ್ ಬದಲು ಗಾಳಿ ತುಂಬಿದ ಚೀಲ, ಇರುತ್ತದೆ. ರಾತ್ರಿಯೆಲ್ಲ ನಿಂತ ಗಾಡಿಯ ಹಿಂಭಾಗ ಕುಸಿದಿದ್ದರೆ ಗಾಳಿ ಸೋರುತ್ತಿರಬಹುದು. ಮಾಮೂಲಿ ಸ್ಪ್ರಿಂಗ್ ಆದರೆ ಬಗ್ಗಿ ನೋಡಿ, ಸುರುಳಿಯ ತುದಿ ಮುರಿದಿರುತ್ತದೆ ಕೆಲವೊಮ್ಮೆ.

ಪ್ರಶ್ನೆ: ಬಂಪರ್ ಕೆಳಗೆ ಟ್ರೈಲರ್ ಕೊಂಡಿ ಬಿಚ್ಚಿದ ಹಾಗೆ ತೂತುಗಳಿವೆ ಸರ್. ಸೈಕಲ್ ಸ್ಟ್ಯಾಂಡ್ ಹಾಕಿಸಿದ್ದೆ ಅಂತಾರೆ ಮಾಲೀಕರು.

ಮೆಕ್ಯಾನಿಕ್ ಉತ್ತರ: ಇರಬಹುದು. ಆದರೂ ಕ್ಲಚ್ ಪರೀಕ್ಷೆ ಬಿಡಬೇಡಿ. ಖಾಲಿ ರಸ್ತೆಯಲ್ಲಿ ಮೇಲಿನ ಗೇರ್ ಹಾಕಿ, ಮಧ್ಯಮ ವೇಗದಿಂದ ಜೋರಾಗಿ ಆಕ್ಸಿಲರೇಟರ್ ಒತ್ತಿ. ಆರ್‌ಪಿಎಂ (ಎಂಜಿನ್ ತಿರುಗುವ ವೇಗ) ಏರಿ ಗಾಡಿಯ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಭಾರ ಎಳೆದ ಗಾಡಿಯಲ್ಲಿ ಇದು ಬೇಗ ಸವೆಯುತ್ತದೆ. ಆಟೋಮ್ಯಾಟಿಕ್ ಆದರೆ ಗೇರ್‌ಬಾಕ್ಸ್ ಆಯಿಲ್ ಬದಲಿಸಿದ ಬಿಲ್ ಕೇಳಿ.

ಕಾರಿನ ಕಂಪ್ಯೂಟರ್‌ನಲ್ಲಿ ದಾಖಲಾದ ದೋಷ ಓದುವ ಒಬಿಡಿ ಸ್ಕ್ಯಾನರ್ ಹಾಕಿಸಿ. ಎರರ್ ಕೋಡ್ ಇಲ್ಲ ಅಂತ ಸುಮ್ನೆ ಖುಷಿಪಡಬೇಡಿ, ರೆಡಿನೆಸ್ ಮಾನಿಟರ್‌ಗಳನ್ನೂ (ಕಾರು ತಾನೇ ಮಾಡಿಕೊಳ್ಳುವ ಪರೀಕ್ಷೆಗಳು ಮುಗಿದಿವೆಯಾ ಅನ್ನುವ ಪಟ್ಟಿ) ನೋಡಿ. ಹಲವು ಪೂರ್ತಿಯಾಗಿಲ್ಲ ಅಂತ ತೋರಿಸಿದರೆ ಈಚೆಗೆ ಕೋಡ್ ಅಳಿಸಿರಬಹುದು, ಇಲ್ಲವೇ ಬ್ಯಾಟರಿ ಬಿಚ್ಚಿರಬಹುದು. ಇನ್ನು, ನಿಮ್ಮ ಓಡಾಟವೆಲ್ಲ ಹತ್ತಿರದ್ದೇ ಆದರೆ ಡಿಪಿಎಫ್, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್, ಇರುವ ಡೀಸೆಲ್ ಬೇಡ. ಫಿಲ್ಟರ್ ಸರಿಯಾಗಿ ಬಿಸಿಯಾಗದೆ ಮಸಿ ಕಟ್ಟಿಕೊಳ್ಳುತ್ತದೆ.

ಇನ್ನೊಬ್ಬ ಸದಸ್ಯರು: ಟೈಮಿಂಗ್ ಬೆಲ್ಟ್ (ಎಂಜಿನ್‌ನ ವಾಲ್ವ್, ಪಿಸ್ಟನ್ ಹೊಂದಿಕೊಂಡು ಓಡುವಂತೆ ಮಾಡುವ ಪಟ್ಟಿ) ಬದಲಿಸಿದ್ದೇವೆ ಅಂತ ಮಾಲೀಕರು ಬಾಯಲ್ಲಿ ಹೇಳಿದರೆ ಸಾಕಾ?

ಮೆಕ್ಯಾನಿಕ್ ಉತ್ತರ: ಸಾಲದು. ಬಿಲ್ಲಿನಲ್ಲಿ ದಿನಾಂಕ, ಕಿಲೋಮೀಟರ್ ಎರಡೂ ಇರಬೇಕು. ಓಡಿದ್ದು ಕಡಿಮೆಯಾದರೂ ವರ್ಷ ಕಳೆದಂತೆ ಬೆಲ್ಟ್ ಹಳತಾಗುತ್ತದೆ. ಡೀಸೆಲ್ ಎಂಜಿನ್‌ನಲ್ಲಿ ಬೆಲ್ಟ್ ತುಂಡಾದರೆ ಸಾಮಾನ್ಯವಾಗಿ ವಾಲ್ವ್‌ಗೆ ಪಿಸ್ಟನ್ ಬಡಿದು ಎಂಜಿನ್ನೇ ಬಿಚ್ಚಬೇಕಾಗುತ್ತದೆ. ಬಿಲ್ ಇಲ್ಲದಿದ್ದರೆ ಬದಲಿಸಿಲ್ಲ ಅಂತಲೇ ಲೆಕ್ಕ ಹಾಕಿ, ಆ ಖರ್ಚು ಕಳೆದು ರೇಟು ಮಾತಾಡಿ. ನಿಮ್ಮ ಮಾಡೆಲ್‌ಗೆ ಬೆಲ್ಟ್ ಬದಲು ಚೈನ್ ಇರಲೂಬಹುದು, ಅದನ್ನು ಮೊದಲು ವಿಚಾರಿಸಿಕೊಳ್ಳಿ.