ಗುಡುಗಿದಾಗ ಅತ್ತೆ ಅರ್ಜುನನ ಹೆಸ್ರು ಹೇಳ್ತಾರೆ, ಮಗಳಿಗೆ ನಾಚಿಕೆ ಅಂತೆ

ಹಾಸನ–ನ್ಯೂಜೆರ್ಸಿ: ಎಲ್ಲರಿಗೂ ನಮಸ್ಕಾರ. ಅತ್ತೆ ಊರಿಂದ ಬಂದಿದಾರೆ, ಇಲ್ಲೀಗ ಸಂಜೆಯಾದ್ರೆ ಗುಡುಗು. ಗುಡುಗಿದ ತಕ್ಷಣ ಮಗಳನ್ನ ತಬ್ಕೊಂಡು "ಅರ್ಜುನ, ಫಲ್ಗುಣ, ಪಾರ್ಥ, ಕಿರೀಟಿ" ಅಂತ ಶುರು ಮಾಡ್ತಾರೆ, ನಾವೂ ಹಾಗೇ ಬೆಳೆದೋರಲ್ವಾ. ಮೊನ್ನೆ ಆಟಕ್ಕೆ ಬಂದ ಮಕ್ಕಳು ನಕ್ಬಿಟ್ರು, ಇವ್ಳು ಅಜ್ಜಿ ಬಾಯಿ ಮೇಲೇ ಕೈ ಇಟ್ಟು "ಸ್ಟಾಪ್ ಅಜ್ಜಿ" ಅಂದ್ಳು. ನಿನ್ನೆ ಗುಡುಗಿದಾಗ ಅತ್ತೆ ಕಿಟಕಿ ಹತ್ರ ನಿಂತು ತುಟಿ ಮಾತ್ರ ಅಲ್ಲಾಡಿಸ್ತಿದ್ರು, ಸದ್ದೇ ಇಲ್ಲ. ಕರುಳು ಚುರ್ ಅಂತು. ಇದೇ ಹುಡ್ಗಿ ಚಳಿಗಾಲದಲ್ಲಿ ಸ್ನೋ ಬಿದ್ದು ಸ್ಕೂಲಿಗೆ ರಜಾ ಸಿಗ್ಲಿ ಅಂತ ಪೈಜಾಮ ಉಲ್ಟಾ ಹಾಕ್ಕೊಂಡು, ದಿಂಬಿನ ಕೆಳಗೆ ಚಮಚ ಇಟ್ಕೊಂಡು ಮಲಗಿದ್ಳು, ಕ್ಲಾಸಲ್ಲಿ ಎಲ್ರೂ ಮಾಡ್ತಾರಂತೆ! ಗುಡುಗಂದ್ರೆ ಭಯಾನೂ ಇದೆ ಅವಳಿಗೆ. ಏನು ಹೇಳ್ಲಿ?

ಮೈಸೂರು–ಲಂಡನ್: ಇಲ್ಲಿ ಜುಲೈ 15, ಸಂತ ಸ್ವಿದಿನ್ ದಿನ ಮಳೆ ಬಂದ್ರೆ 40 ದಿನ ಬಿಡಲ್ಲ ಅಂತಾರೆ. ಯಾರೂ ನಾಚ್ಕೊಳಲ್ಲ. ಮೊದ್ಲು ಮಗಳನ್ನ ಕನ್ನಡ ಶಾಲೆಗೆ ಸೇರ್ಸಿ, ಎಲ್ಲಾ ಸರಿಹೋಗತ್ತೆ.

ದಾವಣಗೆರೆ–ಟೆಕ್ಸಾಸ್: ಕನ್ನಡ ಶಾಲೆಗೂ ಇದಕ್ಕೂ ಏನ್ ಸಂಬಂಧ? ಮೂಢನಂಬಿಕೆ ಯಾವ ದೇಶದ್ದಾದ್ರೂ ಮೂಢನಂಬಿಕೆನೇ. ಪೆನ್ಸಿಲ್ವೇನಿಯಾದ ಪಂಕ್ಸಟಾನಿಯಲ್ಲಿ 1887ರಿಂದ ಫೆಬ್ರವರಿ 2ಕ್ಕೆ ಗ್ರೌಂಡ್‌ಹಾಗ್ ಅನ್ನೋ ಬಿಲದ ಪ್ರಾಣಿಗೆ ತನ್ನ ನೆರಳು ಕಂಡ್ರೆ ಇನ್ನೂ ಆರು ವಾರ ಚಳಿ ಅಂತಾರೆ, ಅದೂ ತಪ್ಪು. ನಾವು ಇಲ್ಲಿಗೆ ಬಂದಿದ್ದು ಮಕ್ಕಳಿಗೆ ಸೈನ್ಸ್ ಕಲಿಸೋಕೆ, ಅತ್ತೆಗೆ ನೇರವಾಗಿ ಹೇಳ್ಬಿಡಿ.

ಹುಬ್ಬಳ್ಳಿ–ಮ್ಯೂನಿಕ್: ಹಂಗ ಒಂದ ಮಾತಿನಾಗ ತಳ್ಳಿ ಹಾಕಬ್ಯಾಡ್ರಿ ಸರ್. ಆ ಗ್ರೌಂಡ್‌ಹಾಗ್ ಪದ್ಧತಿ ಅಲ್ಲಿಗೆ ಒಯ್ದವ್ರು ಇಲ್ಲಿಂದ ವಲಸಿ ಹೋದ ಜರ್ಮನ್ ಮಂದಿ, ನಮ್ಮಂಗ ಊರು ಬಿಟ್ಟವ್ರು. ಇಲ್ಲಿ ಜೂನ್ 27ಕ್ಕ ಹವಾ ಹೆಂಗಿರ್ತೈತೋ ಏಳು ವಾರ ಹಂಗ ಅಂತಾರ, ಆ ಹೊತ್ತಿಗೆ ಮ್ಯಾಲಿನ ಜೆಟ್ ಸ್ಟ್ರೀಮ್ ಅನ್ನೋ ಜೋರು ಗಾಳಿ ಪಟ್ಟಿ ಒಂದ ಕಡೆ ನಿಂತ್ರ ವಾರಗಟ್ಲೆ ಕದಲಂಗಿಲ್ಲ, ಅದಕ್ಕ ಈ ಕಡೆ ಭಾಳ ಸಲ ಖರೇನೂ ಆಗ್ತೈತಿ. ನಮ್ಮೂರಾಗ ಮಳಿ ಹೋದ್ರ ಮಳಿ ಬರ್ಲಿ ಅಂತ ಗುರ್ಜಿ ಅನ್ನೋ ಮಣ್ಣಿನ ಗೊಂಬಿ ಮಾಡಿ, ಹಂಚಿನ ಮ್ಯಾಲೆ ಇಟ್ಟು ನಾನ ತಲಿಮ್ಯಾಲೆ ಹೊತ್ಕೊಂಡು ಮನಿಮನಿ ತಿರಗ್ತಿದ್ದೆ, ಅವ್ವಗೋಳು ಕೊಡದಿಂದ ನೀರು ಸುರುವ್ತಿದ್ರು, ಕಣ್ಣಾಗ ಮಣ್ಣು ನೀರು ಇಳೀತಿತ್ತು. ಮಗನಿಗೆ ಒಂದ ದಿನಾನೂ ಹೇಳಲಿಲ್ಲರಿ. ಅವಗ ಈಗ 19.

ಶಿವಮೊಗ್ಗ–ಟೋಕಿಯೊ: ಬಿಸಿಲು ಮಳೆ ಒಟ್ಟಿಗೆ ಬಂದ್ರೆ ನಮ್ಮಲ್ಲಿ ಕಾಗೆಗೂ ನರಿಗೂ ಮದುವೆ, ಇಲ್ಲಿನವ್ರೂ ನರಿ ಮದುವೆ ಅಂತಾರೆ. ನಿಮ್ಮ ಪ್ರಶ್ನೆಗೆ ಬರ್ತೀನಿ ಅಕ್ಕಾ. ಮಿಂಚು ಕಂಡ ಕೂಡ್ಲೇ ಅಜ್ಜಿ ಮೊಮ್ಮಗಳು ಸೇರಿ ಸೆಕೆಂಡಿಗೊಂದು ಹೆಸ್ರು ಹೇಳ್ಲಿ, ಅರ್ಜುನಂಗೆ ಹತ್ತು ಹೆಸ್ರಿದೆ. ಗುಡುಗಿನ ಸದ್ದು ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್ ಬರತ್ತೆ, ಹತ್ತೂ ಮುಗಿದ್ಮೇಲೆ ಗುಡುಗಿದ್ರೆ ಮಿಂಚು ಮೂರು ಕಿಲೋಮೀಟರ್ ಆಚೆ ಅಂತ. ಅದು ದೂರ ಅಂತ ಹೊರಗೆ ಬಿಡ್ಬೇಡಿ, ಕೊನೇ ಗುಡುಗಾಗಿ 30 ನಿಮಿಷ ಒಳಗೇ ಇರ್ಬೇಕು. ನನ್ನ ಮಗನ ಭಯ ಎಣಿಸಿ ಎಣಿಸೀನೇ ಹೋಯ್ತು.

ದಾವಣಗೆರೆ–ಟೆಕ್ಸಾಸ್: ಗುರ್ಜಿ ಹೊತ್ತಿದ್ದಕ್ಕೆ ಮಳೆ ಬಂತಾ ಸರ್? ಅದಕ್ಕೆ ಉತ್ತರ ಕೊಡಿ.

ಹುಬ್ಬಳ್ಳಿ–ಮ್ಯೂನಿಕ್: ಒಮ್ಮೊಮ್ಮೆ ಬರ್ತಿತ್ತು, ಒಮ್ಮೊಮ್ಮೆ ಇಲ್ಲ. ಆದ್ರ ಅವತ್ತು ಊರಾಗ ಒಂದ ಮನಿ ಬಾಗಿಲಾನೂ ಮುಚ್ಚಿರ್ತಿರಲಿಲ್ಲ.

ಮೈಸೂರು–ಲಂಡನ್: ಅದಕ್ಕೇ ಹೇಳಿದ್ದು, ಕನ್ನಡ ಶಾಲೆ.

ಹಾಸನ–ನ್ಯೂಜೆರ್ಸಿ: ಶಿವಮೊಗ್ಗದವ್ರೇ, ಕಿರೀಟಿ ಆದ್ಮೇಲೆ ಶ್ವೇತವಾಹನನಾ? ಅತ್ತೆ ಊಟದ ಮನೇಲಿದಾರೆ, ಮಗಳು ಪೇಪರ್ ಪೆನ್ನು ಹಿಡ್ಕೊಂಡು ನನ್ನ ಪಕ್ಕ ಕೂತಿದಾಳೆ.