ಊರಿಗೆ ಸೇರಿದ ಕಾಡು: ಮೊದಲ ವರ್ಷ ಏನು ಮಾಡಬೇಕು?

ಪ್ರಶ್ನೆ: ನಮ್ಮ ಊರಿನ ಹೆಸರಿಗೇ ಒಂದು ಕಾಡು ಸಿಕ್ಕಿದೆ. ಸೌದೆ, ಮೇವು, ಮರ ಮಾರಿದ ಹಣ ಎಲ್ಲ ಊರಿಗೇ ಆಗಬೇಕು. ಆದರೆ ಕಾಡು ಬೋಳಾಗಬಾರದು. ಇಂಥ ಕಾಡು ನೋಡಿಕೊಂಡವರು ಎಲ್ಲಿಂದ ಶುರು ಮಾಡಿದಿರಿ?

ಉತ್ತರ 1: ಮೊದಲ ವರ್ಷ ಮರ ಮಾರಲೇಬೇಡಿ. ಏನಿದೆ ಅಂತ ಅಳೆಯಿರಿ. ಇಡೀ ಕಾಡು ಬೇಡ, ಅಲ್ಲಲ್ಲಿ ಒಂದೇ ಅಳತೆಯ ತಾಕು ಗುರುತಿಸಿ, ಅದರೊಳಗಿನ ಪ್ರತಿ ಮರದ ಸುತ್ತಳತೆ ಬರೆದಿಡಿ. ಅಳೆಯಬೇಕಾದ್ದು ನೆಲದಿಂದ 1.3 ಮೀಟರ್ ಎತ್ತರದಲ್ಲಿ, ಅಂದರೆ ಸುಮಾರು ಎದೆಮಟ್ಟ. ಇಳಿಜಾರಿದ್ದರೆ ಮೇಲ್ಬದಿಯಲ್ಲಿ ನಿಂತು ಅಳೆಯಿರಿ. ನಾವು ಟೇಪ್ ಕೂತ ಜಾಗದಲ್ಲೇ ಬಣ್ಣದ ಗೆರೆ ಎಳೆದು ಮರಕ್ಕೊಂದು ನಂಬರ್ ಹಾಕುತ್ತೇವೆ. ಮುಂದಿನ ಸಲ ಟೇಪ್ ನಾಲ್ಕು ಬೆರಳು ಕೆಳಗೆ ಜಾರಿದರೂ ಮರ ಬೆಳೆಯದೆಯೇ ದಪ್ಪ ಆದ ಹಾಗೆ ಲೆಕ್ಕ ಬರುತ್ತದೆ. ಕೆಲವು ವರ್ಷ ಬಿಟ್ಟು ಅದೇ ಮರಗಳನ್ನು ಅಳೆದರೆ ಕಾಡು ಎಷ್ಟು ಬೆಳೆಯುತ್ತದೆ ಅಂತ ಗೊತ್ತಾಗುತ್ತದೆ. ಕಡಿಯುವುದು ಅದಕ್ಕಿಂತ ಕಡಿಮೆ ಇರಬೇಕು.

ಸಸಿಗಳನ್ನೂ ಎಣಿಸಿ. ಮೇಲೆ ದೊಡ್ಡ ಮರ ತುಂಬಿದ್ದು, ಕೆಳಗೆ ಅದೇ ಜಾತಿಯ ಸಸಿ ಕಾಣದಿದ್ದರೆ ಎಚ್ಚರ. ಅಲ್ಲಿ ದನ, ಆಡು ಬಿಡುವುದನ್ನು ಕೆಲವು ವರ್ಷ ನಿಲ್ಲಿಸಿ. ಬೇಕಾದವರು ಹುಲ್ಲು ಕೊಯ್ದು ಒಯ್ಯಲಿ. ನೆಟ್ಟಗೆ ಬೆಳೆದು ಚೆನ್ನಾಗಿ ಬೀಜ ಬಿಡುವ ಮರಗಳಿಗೆ ಕೊಡಲಿ ಹಾಕಬೇಡಿ. ವ್ಯಾಪಾರಿ ಮೊದಲು ಕೈ ತೋರಿಸುವುದು ಅವಕ್ಕೇ.

ಉತ್ತರ 2: ಅಳತೆ ಬೇಕು, ಒಪ್ಪುತ್ತೇನೆ. ಆದರೆ ನಾನು ಕಂಡ ಮಟ್ಟಿಗೆ ಕಾಡು ಕೆಡುವುದು ಸಭೆಯಲ್ಲಿ. ಸೌದೆ ಹೊರುವವರು ಹೆಂಗಸರು, ನಿಯಮ ಬರೆಯುವವರು ಗಂಡಸರು. ಒಂದು ಭಾಗ ಬಂದ್ ಅಂತ ಬರೆದ ಮಾತ್ರಕ್ಕೆ ಒಲೆ ಉರಿಯುವುದು ನಿಲ್ಲುತ್ತಾ? ಕತ್ತಲಲ್ಲಿ ಹೋಗಿ ತರುತ್ತಾರೆ. ಅವರನ್ನು ಮೊದಲೇ ಕೂರಿಸಿ ಕೇಳಿದರೆ ಒಣಸೌದೆ ಎಲ್ಲಿ ಸಿಗುತ್ತದೆ, ಯಾವ ತಿಂಗಳು ಕಷ್ಟ, ಎಲ್ಲ ಹೇಳುತ್ತಾರೆ. ಆಮೇಲೆ ಮಾಡಿದ ನಿಯಮ ನಡೆಯುತ್ತದೆ.

ನೇಪಾಳ 1993ರ ಅರಣ್ಯ ಕಾಯ್ದೆಯಡಿ ಬಳಕೆದಾರರ ಗುಂಪುಗಳಿಗೆ ಕಾಡು ಒಪ್ಪಿಸುತ್ತಾ ಬಂತು. ಈಗ ಅಂಥ ಗುಂಪುಗಳು 22,000ಕ್ಕೂ ಜಾಸ್ತಿ ಇವೆ. ಆದಾಯದಲ್ಲಿ ಕನಿಷ್ಠ ನೂರಕ್ಕೆ 25 ಭಾಗ ಕಾಡಿನ ಕೆಲಸಕ್ಕೇ ಹೋಗಬೇಕು ಅನ್ನುವ ನಿಯಮ ಅಲ್ಲಿದೆ. ನೀವೂ ಇದನ್ನು ಮೊದಲ ಸಭೆಯಲ್ಲೇ ಬರೆದುಬಿಡಿ. ಹಣ ಬಂದ ಮೇಲೆ ಆ ಮಾತು ಯಾರ ಕಿವಿಗೂ ಬೀಳುವುದಿಲ್ಲ. ಭೂಮಿ ಇಲ್ಲದ ಮನೆಗಳ ಪಾಲನ್ನೂ ಆಗಲೇ ಬರೆಯಿರಿ. ಕಾಡನ್ನು ಜಾಸ್ತಿ ನಂಬಿದವರು ಅವರೇ ಅಲ್ವಾ?

ಉತ್ತರ 3: ಕಾವಲಿನ ಬಗ್ಗೆ ಒಂದು ಮಾತು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಮ್ ಇಂಥ ಊರೊಟ್ಟಿನ ಆಸ್ತಿಗಳ ಬಗ್ಗೆಯೇ ಅಧ್ಯಯನ ಮಾಡಿದವರು. ಬಹುಕಾಲ ಉಳಿದ ಕಡೆ ಅವರು ಕಂಡದ್ದರಲ್ಲಿ ಎರಡು ಹೇಳುತ್ತೇನೆ. ಒಂದು, ಕಾಯುವವರು ಬಳಸುವವರೇ, ಅಥವಾ ಬಳಸುವವರಿಗೆ ಲೆಕ್ಕ ಕೊಡುವವರು. ಇನ್ನೊಂದು, ದಂಡ ಸಣ್ಣದರಿಂದ ಶುರುವಾಗಿ, ತಪ್ಪು ಮರುಕಳಿಸಿದರೆ ಏರುತ್ತದೆ. ನಮ್ಮಲ್ಲೂ ಮೊದಲ ಸಲ ಎಚ್ಚರಿಕೆ ಮಾತ್ರ. ಮಗಳ ಮದುವೆಗೆ ಸೌದೆ ಬೇಕಾದವರನ್ನೂ ರಾತ್ರೋರಾತ್ರಿ ಲಾರಿ ತುಂಬುವವರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಊರು ಒಡೆಯುತ್ತದೆ. ಮರ ಮಾರಿದ ರಸೀದಿಗಳನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿಸಿ, ಓದು ಬಾರದವರಿಗೂ ತಿಳಿಯಲಿ.

ಉತ್ತರ 4: ಬೆಂಕಿ ಮರೆಯಬೇಡಿ. ಒಣಗಾಲಕ್ಕೆ ಮುಂಚೆಯೇ ಅಂಚಿನುದ್ದಕ್ಕೂ ತರಗೆಲೆ ಗುಡಿಸಿ ಬೆಂಕಿರೇಖೆ ಮಾಡಿ, ಅಂದರೆ ಬೆಂಕಿ ದಾಟದಂಥ ಬರಿನೆಲದ ಪಟ್ಟಿ. ಪಕ್ಕದ ಊರಿನವರನ್ನೂ ಆ ಕೆಲಸಕ್ಕೆ ಕರೆಯಿರಿ. ಬೆಂಕಿ ಆ ಕಡೆಯಿಂದಲೂ ಬರಬಹುದು.